ಲೀಸ್ಡ್ ಲೈನೋ, ಎಂಪಿಎಲ್‌ಎಸ್ಸೋ? ಒಂಬತ್ತು ದಿನ ಮಾರ್ಕರ್ ಹಿಡಿದ ಕಥೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೀಸ್ಡ್ ಲೈನ್‌ಗೆ, ಅಂದರೆ ಎರಡು ಜಾಗದ ನಡುವೆ ನಮಗಷ್ಟೇ ಮೀಸಲಾದ ಬಾಡಿಗೆ ಲೈನ್‌ಗೆ. ಎಂಪಿಎಲ್‌ಎಸ್, ಅಂದರೆ ನಮ್ಮ ಎಲ್ಲ ಜಾಗಗಳನ್ನೂ ಟೆಲಿಕಾಂ ಕಂಪನಿ ತನ್ನ ನೆಟ್‌ವರ್ಕ್ ಮೂಲಕ ಜೋಡಿಸಿಕೊಡುವ ಸೇವೆ, ಕೆಟ್ಟದ್ದು ಅಂತಲ್ಲ. ಅದನ್ನು ಹಾಕಿಸಿಕೊಂಡು ನಾನು ಪಟ್ಟ ಪಾಡು ಹಾಗಿದೆ.

ನಮ್ಮದು ಬೇರಿಂಗ್, ಬೆಲ್ಟ್ ಮಾರುವ ಸಗಟು ವ್ಯಾಪಾರ. ಆಫೀಸು, ಸರ್ವರ್ ಎರಡೂ ರಾಜಾಜಿನಗರದಲ್ಲಿ. ಒಂದು ಗೋಡೌನ್ ಪೀಣ್ಯದಲ್ಲಿ, ಇನ್ನೊಂದು ಬೊಮ್ಮಸಂದ್ರದಲ್ಲಿ. ನೆಟ್‌ವರ್ಕ್ ನೋಡಿಕೊಳ್ಳುವವನು ನಾನೊಬ್ಬನೇ. ಪ್ರಿಂಟರ್‌ಗೆ ಟೋನರ್ ಹಾಕುವವನೂ ನಾನೇ.

ಮೊದಲು ಎರಡು ಲೀಸ್ಡ್ ಲೈನ್ ಇತ್ತು. ರಾಜಾಜಿನಗರದಿಂದ ಒಂದೊಂದು ಗೋಡೌನ್‌ಗೆ ಒಂದೊಂದು. ಎರಡು ತುದಿಯ ರೂಟರ್‌ಗಳೂ ನಮ್ಮ ಕೈಯಲ್ಲೇ, ನಡುವೆ ಏನು ಹಾಯಿಸಿದರೂ ಲೈನ್ ಕೊಟ್ಟ ಕಂಪನಿಯವರು ಕೇಳುತ್ತಿರಲಿಲ್ಲ. ತೊಂದರೆ ಒಂದೇ. ಪೀಣ್ಯದವರು ಬೊಮ್ಮಸಂದ್ರಕ್ಕೆ ಐಪಿ ಫೋನ್‌ನಲ್ಲಿ ಮಾತಾಡಿದರೂ ಮಾತು ರಾಜಾಜಿನಗರ ಸುತ್ತಿಕೊಂಡೇ ಹೋಗಬೇಕು. ಒಂದು ದಿನ ಅಲ್ಲಿ ಯುಪಿಎಸ್ ಬ್ಯಾಟರಿ ಕೈಕೊಟ್ಟಿತು, ಮೂರೂ ಕಡೆ ಬಂದ್. ಯಜಮಾನರು "ಬೇರೆ ಏನಾದ್ರೂ ನೋಡಪ್ಪಾ" ಎಂದರು. ಅದೇ ವಾರ ಸೇಲ್ಸ್ ಹುಡುಗನೊಬ್ಬ ಎಂಪಿಎಲ್‌ಎಸ್ ಹಿಡಿದುಕೊಂಡು ಬಂದ.

ಅವನು ಹೇಳಿದ್ದು ಸುಳ್ಳಲ್ಲ. ಒಂದೊಂದು ಜಾಗದಿಂದ ಒಂದೇ ತಂತಿ ಅವರ ನೆಟ್‌ವರ್ಕ್‌ಗೆ, ಅಲ್ಲಿಂದ ಯಾರು ಯಾರ ಜೊತೆಗಾದರೂ ನೇರ ಮಾತಾಡಬಹುದು. ಲೀಸ್ಡ್ ಲೈನ್‌ನಲ್ಲಿ ಎಲ್ಲರಿಗೂ ಎಲ್ಲರ ಜೊತೆ ನೇರ ಸಂಪರ್ಕ ಬೇಕೆಂದರೆ ಮೂರು ಜಾಗಕ್ಕೆ 3 ಲೈನ್, ಐದಕ್ಕೆ 10, ಹತ್ತಕ್ಕೆ 45. ಆ ಲೆಕ್ಕ ನೋಡಿಯೇ ಯಜಮಾನರು ಸಹಿ ಹಾಕಿದರು. ನಮಗಿದ್ದದ್ದು ಮೂರೇ ಜಾಗ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ.

ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಪೀಣ್ಯಕ್ಕೆ ಬಾರ್‌ಕೋಡ್ ಸ್ಕ್ಯಾನರ್, ಲೇಬಲ್ ಪ್ರಿಂಟರ್ ಬಂದವು. ಹಳೇ ಐಪಿ ವಿಳಾಸಗಳ ಸಾಲನ್ನು ಸಿಸಿಟಿವಿ ಕ್ಯಾಮೆರಾಗಳು ನುಂಗಿ ಹಾಕಿದ್ದವು. ಹೊಸದಕ್ಕೆ 192.168.35.0 ಸಾಲು ಕೊಟ್ಟೆ. ಲೀಸ್ಡ್ ಲೈನ್ ಆಗಿದ್ದರೆ ಆಫೀಸಿನ ರೂಟರ್‌ನಲ್ಲಿ ಒಂದು ಕಮಾಂಡ್ ಬರೆದು ಕಾಫಿಗೆ ಹೋಗುತ್ತಿದ್ದೆ. ಎಂಪಿಎಲ್‌ಎಸ್‌ನಲ್ಲಿ ಹಾಗಲ್ಲ. ನಡುವೆ ದಾರಿ ತೋರಿಸುವುದು ಅವರ ರೂಟರ್. 35 ಎಂಬುದು ಪೀಣ್ಯದಲ್ಲಿದೆ ಎಂದು ಅದಕ್ಕೆ ಅವರೇ ಹೇಳಬೇಕು. ನಮ್ಮದು ಸ್ಟ್ಯಾಟಿಕ್ ರೂಟಿಂಗ್ (ಪ್ರತಿ ದಾರಿಯನ್ನೂ ಕೈಯಲ್ಲೇ ಬರೆಯುವ ಪದ್ಧತಿ), ಹಾಗಾಗಿ ಮೇಲ್ ಹಾಕಿ, ಟಿಕೆಟ್ ನಂಬರ್ ಹಿಡಿದು ಕೂರಬೇಕು.

ದಿನಾ ಬೆಳಗ್ಗೆ ಫೋನ್ ಮಾಡುತ್ತಿದ್ದೆ. "ಲಿಂಕ್ ಅಪ್ ಇದೆ ಸಾರ್." ಲಿಂಕ್ ಅಪ್ ಇರುವುದು ನನಗೂ ಕಾಣುತ್ತಿದೆ ಮಾರಾಯಾ, ರೂಟ್ ಹಾಕಿದ್ದೀರಾ? "ಸಂಜೆಯೊಳಗೆ ಆಗತ್ತೆ ಸಾರ್." ಆರನೇ ದಿನ "ಆಯ್ತು" ಎಂದು ಟಿಕೆಟ್ ಮುಚ್ಚಿದರು. ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಹಾಕಿದರೆ ಅವರ ಮೊದಲ ರೂಟರ್‌ನಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಟಿಕೆಟ್. ಒಂಬತ್ತನೇ ದಿನ ಒಬ್ಬ ಇಂಜಿನಿಯರ್ ಫೋನ್‌ನಲ್ಲೇ ಇದ್ದು ನೋಡಿದ. 35ರ ಬದಲು 53 ಎಂದು ಟೈಪ್ ಆಗಿತ್ತು.

ಅಷ್ಟೂ ದಿನ ಗೋಡೌನ್ ನೋಡಿಕೊಳ್ಳುವ ಅಕ್ಕ ಪೆಟ್ಟಿಗೆಗಳ ಮೇಲೆ ಕೈಯಲ್ಲೇ ನಂಬರ್ ಬರೆದರು. "ಏನ್ ಸಾರ್, ಮೆಷಿನ್ ತಂದಿಟ್ಟು ಕೈಗೆ ಮಾರ್ಕರ್ ಕೊಡ್ತೀರಲ್ಲ?" ಎಂದರು. ನಾನು ಸುಮ್ನೆ ನಕ್ಕೆ, ಇನ್ನೇನು ಮಾಡಲಿ.

ತಪ್ಪು ನನ್ನದೂ ಇದೆ. ಶುರುವಿನಲ್ಲೇ ಬಿಜಿಪಿ (ರೂಟರ್‌ಗಳು ತಾವೇ ದಾರಿ ಹೇಳಿಕೊಳ್ಳುವ ವ್ಯವಸ್ಥೆ) ಕೇಳಿದ್ದರೆ ಹೊಸ ಸಾಲುಗಳನ್ನು ನಮ್ಮ ರೂಟರೇ ಅವರ ರೂಟರ್‌ಗೆ ಹೇಳುತ್ತಿತ್ತು. ಕೇಳಲಿಲ್ಲ. ಮುಂದಿನ ಸಲಕ್ಕೆ ಎಂಪಿಎಲ್‌ಎಸ್ ಮೇಲೆಯೇ ನಮ್ಮ ರೂಟರ್‌ಗಳ ನಡುವೆ ನನ್ನದೊಂದು ಜಿಆರ್‌ಇ ಟನಲ್ ಎಳೆದುಕೊಂಡೆ, ಅದರೊಳಗೆ ಹೋಗುವ ಹೊಸ ಸಾಲುಗಳನ್ನು ಅವರಿಗೆ ಹೇಳಬೇಕಿಲ್ಲ. ಬಾಡಿಗೆ ಮನೆಯೊಳಗೆ ಡೇರೆ ಹಾಕಿದಂತೆ. ಜಿಆರ್‌ಇ 24 ಬೈಟ್ ತಿನ್ನುತ್ತದೆ, ಟನಲ್‌ನ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1500ರಿಂದ 1476ಕ್ಕೆ ಇಳಿಸಿದೆ.

ಉಳಿದದ್ದು ಬೇಗ ಹೇಳುತ್ತೇನೆ. ಫೋನ್ ಮಾತಿಗೆ ಆದ್ಯತೆ ಕೊಡುವುದರಲ್ಲಿ ಎಂಪಿಎಲ್‌ಎಸ್ ಮುಂದು, ಆದರೆ ಆ ಕ್ಲಾಸ್‌ಗೆ ಬೇರೆ ದುಡ್ಡು. ಎಂಪಿಎಲ್‌ಎಸ್ ಅನ್ನು ವಿಪಿಎನ್ (ಖಾಸಗಿ ನೆಟ್‌ವರ್ಕ್) ಎಂದ ಮಾತ್ರಕ್ಕೆ ಬೀಗ ಹಾಕಿದೆ ಅಂತಲ್ಲ. ಲೀಸ್ಡ್ ಲೈನ್‌ನಂತೆ ಇದರಲ್ಲೂ ಎನ್‌ಕ್ರಿಪ್ಷನ್ ನಾವೇ ಮಾಡಿಕೊಳ್ಳಬೇಕು. ರಸ್ತೆ ಅಗೆದರೆ ಎರಡೂ ಸಾಯುತ್ತವೆ, ಮನೆಬಾಗಿಲಿನ ಫೈಬರ್ ಇಬ್ಬರದೂ ಒಂದೇ ಮಣ್ಣಿನಲ್ಲಿ. ತಿಂಗಳ ಬಿಲ್ ನಮಗೆ ಹೆಚ್ಚು ಕಡಿಮೆ ಅಷ್ಟೇ ಬಂತು.

ಊರೂರಿಗೆ ಬ್ರಾಂಚ್ ಇದ್ದು, ನೆಟ್‌ವರ್ಕ್‌ಗೇ ಅಂತ ಎರಡು ಜನ ಇದ್ದರೆ ಎಂಪಿಎಲ್‌ಎಸ್ ತೆಗೆದುಕೊಳ್ಳಿ. ದೂರ ಜಾಸ್ತಿಯಾದಂತೆ ಲೀಸ್ಡ್ ಲೈನ್ ಬಾಡಿಗೆಯೂ ಏರುತ್ತದೆ. ನನ್ನ ಮೂರು ಜಾಗವೂ ಬೆಂಗಳೂರಿನವೇ. ಎರಡು ನಿಮಿಷದ ಕೆಲಸಕ್ಕೆ ಇನ್ನೊಬ್ಬರ ಟಿಕೆಟ್ ಕಾಯುವ ತಾಳ್ಮೆ ನನಗಿಲ್ಲ. ಒಪ್ಪಂದ ಮಾರ್ಚ್‌ಗೆ ಮುಗಿಯುತ್ತದೆ. ಪೀಣ್ಯಕ್ಕೆ ಲೀಸ್ಡ್ ಲೈನ್ ಸರ್ವೆಗೆ ಹುಡುಗರು ಬಂದು ಹೋದರು. ಈ ಸಲ ಮೊದಲು ಯುಪಿಎಸ್ ಬ್ಯಾಟರಿ ಬದಲಾಯಿಸಿದ್ದೇನೆ.