ಬಸ್ಸು ಪುಕ್ಕಟೆ ಇದ್ದರೂ ಮೆಮು ಪಾಸ್ ಮಾಡಿಸುತ್ತೇನೆ: ಮಂಡ್ಯ–ಮೈಸೂರು, ನಾಲ್ಕು ವರ್ಷದ ಬಳಕೆ

ಆಫೀಸಿನಲ್ಲಿ ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಬಸ್ಸಲ್ಲಿ ಆಧಾರ್ ತೋರಿಸಿದ್ರೆ ಸಾಕು. ನೀನ್ಯಾಕೆ ದುಡ್ಡು ಕೊಟ್ಟು ರೈಲಲ್ಲಿ ಬರ್ತೀಯ?" 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ನಾನೂ ಎರಡು ತಿಂಗಳು ಬಸ್ಸಿನಲ್ಲೇ ಓಡಾಡಿದೆ. ಆಮೇಲೆ ಯಾರಿಗೂ ಹೇಳದೆ ಸುಮ್ನೆ ರೈಲಿಗೆ ವಾಪಸ್ ಬಂದೆ. ಯಾಕೆ ಅಂತ ಬರೆಯುತ್ತೇನೆ. ಹೊಗಳಿಕೆ ಅಂದುಕೊಳ್ಳಬೇಡಿ, ಬೈಯುವುದಕ್ಕೂ ಬೇಕಾದಷ್ಟಿದೆ.

ನನ್ನ ಮನೆ ಮಂಡ್ಯದಲ್ಲಿ. ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಹೋಗುವುದು ಸುಮಾರು 45 ಕಿಲೋಮೀಟರ್, ಬರುವುದು ಅಷ್ಟೇ. ಮೊದಲ ಐದು ವರ್ಷ ಹಳೇ ಪ್ಯಾಸೆಂಜರ್ ಗಾಡಿಯಲ್ಲಿ ಹೋದೆ. ಈಗ ಮೆಮುವಿನಲ್ಲಿ, ಅಂದರೆ ಕರೆಂಟಿನಲ್ಲಿ ಓಡುವ ಲೋಕಲ್ ರೈಲಿನಲ್ಲಿ, ನಾಲ್ಕನೇ ವರ್ಷ. ನಮ್ಮ ಕಡೆಯ ವಯಸ್ಸಾದವರು ಇದನ್ನೂ 'ಪುಶ್‌ಪುಲ್ಲು' ಅಂತಲೇ ಕರೆಯುತ್ತಾರೆ, ಹಳೇ ಅಭ್ಯಾಸ.

ಹಳೇ ಗಾಡಿ ಹೇಗಿತ್ತು ಅಂತ ಮರೆತವರಿಗೆ ಸ್ವಲ್ಪ ನೆನಪಿಸುತ್ತೇನೆ. ಮುಂದೆ ಒಂದು ಡೀಸೆಲ್ ಎಂಜಿನ್, ಹಿಂದೆ ನೀಲಿ ಬೋಗಿಗಳು. ಕಿಟಕಿಯ ಷಟರ್ ಎತ್ತಿದರೆ ನಿಲ್ಲುತ್ತಿರಲಿಲ್ಲ, ಇಳಿಸಿದರೆ ಏಳುತ್ತಿರಲಿಲ್ಲ. ತಿಳಿ ಬಣ್ಣದ ಚೂಡಿದಾರ್ ಹಾಕಿದ ದಿನ ಮುಂದಿನ ಬೋಗಿ ಹತ್ತುವ ಹಾಗೇ ಇರಲಿಲ್ಲ, ಹೊಗೆ. ಗಾಡಿ ಹೊರಡುವಾಗ ಎಂಜಿನ್ ಮೊದಲ ಬೋಗಿಯನ್ನು ಜಗ್ಗುತ್ತಿತ್ತು, ಅದು ಎರಡನೆಯದನ್ನು, ಅದು ಮೂರನೆಯದನ್ನು. ಢಕ್ ಢಕ್ ಢಕ್ ಅಂತ ಆ ಸದ್ದು ನಮ್ಮ ಕಡೆ ಬರುವಷ್ಟರಲ್ಲಿ ಕಂಬಿ ಹಿಡಿದಿರಬೇಕು. ಹಿಡಿಯದಿದ್ದರೆ ಎದುರಿನವರ ಮಡಿಲಲ್ಲಿ ಕೂರಬೇಕು.

ಈಗ ಒಬ್ಬರ ವಿಷಯ ಹೇಳುತ್ತೇನೆ. ಯಲಿಯೂರಿನಲ್ಲಿ ಹತ್ತುವ ಹೂವಿನ ಅಕ್ಕ. ಮೈಸೂರಿನ ದೇವರಾಜ ಮಾರ್ಕೆಟ್ ಕಡೆ ಹೂವು ಒಯ್ಯುತ್ತಾರೆ. ಬಾಗಿಲ ಪಕ್ಕದ ಮೂಲೆಯಲ್ಲಿ ಗೋಣಿಚೀಲ ಹಾಸಿ, ಮುಂದೆ ಒಂದು ಅಲ್ಯೂಮಿನಿಯಂ ತಟ್ಟೆ ಇಟ್ಟುಕೊಂಡು, ಅದರಲ್ಲಿ ಬಿಡಿ ಕಾಕಡ ಸುರಿದುಕೊಂಡು ಕಟ್ಟುತ್ತಾ ಕೂರುತ್ತಾರೆ. ದಾರದ ಒಂದು ತುದಿ ಕಾಲಿನ ಹೆಬ್ಬೆರಳಿಗೆ, ಎರಡು ಮೊಗ್ಗು ಆ ಕಡೆ, ಎರಡು ಈ ಕಡೆ, ಒಂದು ಸುತ್ತು, ಒಂದು ಗಂಟು. ಹಳೇ ಗಾಡಿಯಲ್ಲಿ ಅವರು ಸ್ಟೇಷನ್ ಬಂದಾಗಲೆಲ್ಲ ಕಟ್ಟುವುದು ನಿಲ್ಲಿಸಿ ತಟ್ಟೆಯ ಮೇಲೆ ಸೆರಗು ಮುಚ್ಚಿ ಎರಡೂ ಕೈಯಲ್ಲಿ ಅಮುಕಿ ಹಿಡಿಯುತ್ತಿದ್ದರು. ಇಲ್ಲದಿದ್ದರೆ ಗಾಡಿ ಜಗ್ಗಿದ ಏಟಿಗೆ ಹೂವೆಲ್ಲ ನೆಲದ ಪಾಲು. ಮೆಮು ಬಂದು ಒಂದು ವಾರ ಆಗಿತ್ತೇನೋ, ಬ್ಯಾಡರಹಳ್ಳಿಯಲ್ಲಿ ಗಾಡಿ ನಿಂತು ಹೊರಟಿತು. ಅಕ್ಕ ಅಭ್ಯಾಸದಂತೆ ಸೆರಗು ಮುಚ್ಚಿ ಕಾಯುತ್ತಿದ್ದರು. ಪ್ಲಾಟ್‌ಫಾರ್ಮ್ ಹಿಂದೆ ಸರಿದು ಕಬ್ಬಿನ ಗದ್ದೆ ಶುರುವಾದರೂ ಕಾಯುತ್ತಲೇ ಇದ್ದರು. ಆಮೇಲೆ ಹೊರಗೆ ನೋಡಿ, ನನ್ನ ಕಡೆ ತಿರುಗಿ, "ಇದೇನವ್ವ, ಹೊಂಟೇ ಬುಟ್ಟದಾ?" ಅಂದರು. ಈಗ ಅವರು ತಲೆ ಎತ್ತುವುದು ನಾಗನಹಳ್ಳಿ ಬಂದ ಮೇಲೆ. ಮೊದಲು ಒಂದು ಮಾರು ಕಟ್ಟುತ್ತಿದ್ದ ಹೊತ್ತಿನಲ್ಲಿ ಒಂದೂವರೆ ಮಾರು ಆಗುತ್ತದೆ ಅಂತ ಅವರ ಲೆಕ್ಕ.

ಇದು ಹೇಗೆ ಅಂತ ಐಟಿಐ ಓದಿರುವ ನನ್ನ ತಮ್ಮನನ್ನು ಕೇಳಿದೆ. "ಹಳೇದ್ರಲ್ಲಿ ಒಂದೇ ಜೋಡಿ ಎತ್ತು ಅಷ್ಟೂ ಗಾಡಿ ಎಳೀಬೇಕಿತ್ತು ಕಣಕ್ಕ. ಇದ್ರಲ್ಲಿ ನಡುನಡುವೆನೂ ಎತ್ತು ಕಟ್ಟವ್ರೆ" ಅಂದ. ಮೆಮುವಿಗೆ ಬೇರೆ ಎಂಜಿನ್ ಇಲ್ಲ. ಸಾಮಾನ್ಯವಾಗಿ ನಾಲ್ಕು ಬೋಗಿಗೆ ಒಂದು ಮೋಟರ್ ಬೋಗಿ ಇರುತ್ತದೆ. ಎಂಟು ಬೋಗಿಯ ಗಾಡಿಯಾದರೆ ಎರಡು ಕಡೆಯಿಂದ ಬಲ ಬೀಳುತ್ತದೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಕರೆಂಟ್. ಅದು ಗಾಡಿಯೊಳಗೆ ಇಳಿದು, ಎಲೆಕ್ಟ್ರಾನಿಕ್ ಪೆಟ್ಟಿಗೆಗಳಲ್ಲಿ ತ್ರೀ ಫೇಸ್ ಆಗಿ ಮೋಟರ್‌ಗೆ ಹೋಗುತ್ತದೆ. ಹಳೇ ಮಾದರಿಯ ಮೆಮುಗಳಲ್ಲಿ ಡಿಸಿ ಮೋಟರ್, ಅಲ್ಲಿ ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ಪ್ರತಿ ಮೆಟ್ಟಿಲಿಗೂ ಒಂದು ಸಣ್ಣ ಎಳೆತ. ಹೊಸದರಲ್ಲಿ ನಲ್ಲಿ ತಿರುಗಿಸಿದ ಹಾಗೆ ನಿಧಾನಕ್ಕೆ ಏರುತ್ತದೆ. ನಮ್ಮ ಹೊತ್ತಿಗೆ ಒಂದೊಂದು ದಿನ ಹಳೇ ಮಾದರಿಯದ್ದೇ ಬರುತ್ತದೆ. ಹೊರಟ ಅರ್ಧ ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ, ಅಕ್ಕನ ಕೈ ತಟ್ಟೆಯ ಮೇಲೆ ಹೋಗಿರುತ್ತದೆ.

ಹೊಸ ಮಾದರಿ ಗಂಟೆಗೆ 110 ಕಿಲೋಮೀಟರ್ ಓಡಬಲ್ಲದು. ನಮಗೆ ಅದರಿಂದ ಅಂಥಾ ಉಪಯೋಗ ಇಲ್ಲ. ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಅಂತ ನಿಂತು ನಿಂತು ಹೋಗುವ ಗಾಡಿಗೆ ಎಷ್ಟು ಜೋರಾಗಿ ಓಡುತ್ತೆ ಅನ್ನುವುದಕ್ಕಿಂತ ಎಷ್ಟು ಬೇಗ ವೇಗ ಹಿಡಿಯುತ್ತೆ ಅನ್ನುವುದೇ ಮುಖ್ಯ, ಅಲ್ವಾ? ಅದರಲ್ಲಿ ಮೆಮು ಗೆದ್ದಿದೆ. ಬ್ರೇಕ್ ಹಾಕುವಾಗ ಅದೇ ಮೋಟರ್ ಡೈನಮೋ ಆಗಿ ಕರೆಂಟನ್ನು ವಾಪಸ್ ತಂತಿಗೆ ಕಳಿಸುತ್ತದಂತೆ. ಇದನ್ನು ಕೇಳಿದ ದಿನದಿಂದ ಗಾಡಿ ನಿಲ್ಲುವಾಗ ಬರುವ 'ಊಂ' ಸದ್ದು ನನಗೆ ಇಷ್ಟವಾಗಿದೆ. ಎರಡು ತುದಿಯಲ್ಲೂ ಡ್ರೈವರ್ ಕೋಣೆ ಇರುವುದರಿಂದ ಮೈಸೂರಿನಲ್ಲಿ ಎಂಜಿನ್ ಬಿಚ್ಚಿ ಆ ತುದಿಗೆ ತರುವ ರಗಳೆ ಇಲ್ಲ.

ಈ ದಾರಿಗೆ ಕರೆಂಟ್ ಬಂದಿದ್ದೇ ಮೊನ್ನೆ ಮೊನ್ನೆ ಅನ್ನಬಹುದು. 2018ರ ಫೆಬ್ರವರಿ 19ರಂದು ಪ್ರಧಾನಿ ಮೈಸೂರಿಗೆ ಬಂದು ಬೆಂಗಳೂರು–ಮೈಸೂರು ವಿದ್ಯುತ್ ಮಾರ್ಗವನ್ನು ಉದ್ಘಾಟಿಸಿದರು. ಜೋಡಿ ಹಳಿಯ ಕೆಲಸ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ನಿಂತಿತ್ತು, ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಇತ್ತಲ್ಲ. ಕೊನೆಗೆ 2017ರ ಮಾರ್ಚ್‌ನಲ್ಲಿ ಆ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆ ಸರಿಸಿದರು. ಒಡೆಯದೆ! ನಮ್ಮ ಮನೆಯಲ್ಲಿ ಬೀರು ಸರಿಸುವಾಗ ಗೋಡೆ ಕಿತ್ತುಬರುತ್ತದೆ.

ಇನ್ನು ಒಳಗಡೆ. ಮೆತ್ತನೆ ಸೀಟು, ಎಲ್‌ಇಡಿ ದೀಪ, ಕ್ಯಾಮೆರಾ, ಬೋಗಿಯಿಂದ ಬೋಗಿಗೆ ನಡೆದು ಹೋಗುವ ದಾರಿ, ಅಗಲವಾದ ಬಾಗಿಲು. ಚೆನ್ನಾಗಿದೆ. ಸ್ಟೇಷನ್ ಹೆಸರು ತೋರಿಸುವ ಬೋರ್ಡ್ ಮಾತ್ರ ನಂಬಬೇಡಿ. ಒಮ್ಮೊಮ್ಮೆ ಕಾವೇರಿ ಸೇತುವೆ ಮೇಲೆ ಇರುವಾಗಲೂ 'ಮುಂದಿನ ನಿಲ್ದಾಣ ಪಾಂಡವಪುರ' ಅನ್ನುತ್ತಿರುತ್ತದೆ. ಹೊಸಬರು ಗಾಬರಿಯಾಗಿ ಬ್ಯಾಗ್ ಇಳಿಸಿಕೊಂಡು ನಿಂತುಬಿಡುತ್ತಾರೆ.

ಬೈಯುವ ವಿಷಯಕ್ಕೆ ಬರುತ್ತೇನೆ. ಇದು ಕೂತು ಹೋಗುವವರಿಗಿಂತ ನಿಂತು ಹೋಗುವವರಿಗೆ ಮಾಡಿದ ಗಾಡಿ. ಒಪ್ಪುತ್ತೇನೆ, ಜನ ಜಾಸ್ತಿ. ಆದರೆ ಮೇಲೆ ನೇತಾಡುವ ಹಿಡಿ ಯಾರ ಎತ್ತರಕ್ಕೆ ಮಾಡಿದ್ದೋ. ನಾನು ಐದಡಿ ಒಂದಿಂಚು. ಹಿಡಿದುಕೊಂಡರೆ ಹಿಮ್ಮಡಿ ನೆಲದಿಂದ ಏಳುತ್ತದೆ. ಸೋಮವಾರ ಬೆಳಗ್ಗೆ ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೋಗುವವರು, ಎಲ್ಲಾ ಒಟ್ಟಿಗೆ ಹತ್ತಿದಾಗ ಹಿಡಿದುಕೊಳ್ಳುವ ಅವಶ್ಯಕತೆಯೇ ಇರುವುದಿಲ್ಲ ಬಿಡಿ, ಬೀಳುವುದಕ್ಕೂ ಜಾಗ ಇರುವುದಿಲ್ಲ. ಮೂರು ಜನರ ಸೀಟಿಗೆ ನಾಲ್ಕನೆಯವರು "ಒಂಚೂರು ಒತ್ಕಳಿ" ಅಂತ ಬಂದೇ ಬರುತ್ತಾರೆ.

ಟಾಯ್ಲೆಟ್ ಇದೆ, ಬಯೋ ಟಾಯ್ಲೆಟ್, ಹಳಿಯ ಮೇಲೆ ಬೀಳುವುದಿಲ್ಲ. ಆದರೆ ಎಲ್ಲ ಬೋಗಿಯಲ್ಲೂ ಇಲ್ಲ. ಇರುವ ಕಡೆ ಸಂಜೆಯ ಹೊತ್ತಿಗೆ ನೀರು ಇರುತ್ತದೆ ಅನ್ನುವ ಭರವಸೆ ಇಲ್ಲ. ನಾನು ಮನೆಯಲ್ಲೇ ಮುಗಿಸಿಕೊಂಡು ಹೊರಡುತ್ತೇನೆ. ಹತ್ತುವುದೂ ಒಂದು ಕಷ್ಟ. ಎತ್ತರದ ಪ್ಲಾಟ್‌ಫಾರ್ಮ್ ಅಂದರೆ ಹಳಿಯಿಂದ 760ರಿಂದ 840 ಮಿಲಿಮೀಟರ್. ಅಷ್ಟು ಎತ್ತರ ಇಲ್ಲದ ಸಣ್ಣ ಹಾಲ್ಟ್‌ಗಳಲ್ಲಿ ವಯಸ್ಸಾದವರು ಮೊದಲು ಚೀಲ ಎಸೆದು, ಆಮೇಲೆ ಮಂಡಿ ಊರಿ ಹತ್ತುತ್ತಾರೆ. ಗಾಡಿ ಬದಲಾಯಿತು, ನೆಲ ಬದಲಾಗಲಿಲ್ಲ.

ಕಾಯಿಸುವುದು ಇನ್ನೊಂದು. ಎಕ್ಸ್‌ಪ್ರೆಸ್ ಹಿಂದೆ ಬರುತ್ತಿದ್ದರೆ ನಮ್ಮನ್ನು ಪಕ್ಕದ ಲೈನಿಗೆ ತಳ್ಳಿ ನಿಲ್ಲಿಸುತ್ತಾರೆ. ಅಷ್ಟು ಬೇಗ ವೇಗ ಹಿಡಿದು ಉಳಿಸಿದ ನಿಮಿಷಗಳೆಲ್ಲ ಅಲ್ಲಿ ಖರ್ಚು. ಬೆಳಗಿನ ಗಾಡಿ ಸಾಮಾನ್ಯವಾಗಿ ಟೈಮಿಗೆ ಸರಿಯಾಗಿರುತ್ತದೆ, ಸಂಜೆಯದ್ದು ಆ ದಿನದ ಅದೃಷ್ಟ. ಹೋದ ವರ್ಷ ಮಳೆಗಾಲದಲ್ಲಿ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಒಂದೂವರೆ ಗಂಟೆ ಗದ್ದೆ ಮಧ್ಯೆ ನಿಂತಿದ್ದೆವು. ತಂತಿಯಲ್ಲಿ ಕರೆಂಟ್ ಇಲ್ಲದಿದ್ದರೆ ಈ ಗಾಡಿ ಬರೀ ತಗಡಿನ ಡಬ್ಬ. ಫ್ಯಾನ್ ನಿಂತಿತು, ಒಂದೆರಡು ದೀಪ ಉಳಿಯಿತು. ಡೀಸೆಲ್ ಎಂಜಿನ್ ಆಗಿದ್ದರೆ ತಂತಿಯ ಹಂಗಿಲ್ಲದೆ ಎಳೆದುಕೊಂಡು ಹೋಗುತ್ತಿತ್ತು ಅಂತ ಪಕ್ಕದಲ್ಲಿದ್ದ ಅಜ್ಜ ಹತ್ತು ಸಲ ಹೇಳಿದರು. ಹನ್ನೊಂದನೇ ಸಲಕ್ಕೆ ನಾನೂ ತಲೆಯಾಡಿಸಿದೆ.

ಇಷ್ಟೆಲ್ಲಾ ಇದ್ದೂ ಬಸ್ಸು ಬಿಟ್ಟಿದ್ದು ಯಾಕೆ? ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರು–ಮೈಸೂರು ನಾನ್‌ಸ್ಟಾಪ್ ಬಸ್ಸುಗಳು ಮಂಡ್ಯ ಊರೊಳಗೆ ಬರುವುದಿಲ್ಲ, ಬೈಪಾಸ್‌ನಲ್ಲೇ ಹೋಗುತ್ತವೆ. ಊರೊಳಗೆ ಬರುವ ಬಸ್ಸಿಗೆ ಎಲ್ಲರೂ ಮುಗಿಬೀಳುತ್ತಾರೆ, ನನ್ನ ಹಾಗೆ ಪುಕ್ಕಟೆ ಹೋಗುವವರೇ ಜಾಸ್ತಿ, ತಪ್ಪೇನಿಲ್ಲ. ಬಸ್ಸಿನಲ್ಲಿ ನಿಂತರೆ ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಸೊಂಟಕ್ಕೆ ಏಟು. ಎರಡು ತಿಂಗಳಲ್ಲಿ ನನ್ನ ಬೆನ್ನುನೋವಿನ ಮುಲಾಮಿಗೆ ಹೋದ ದುಡ್ಡು ಲೆಕ್ಕ ಹಾಕಿದೆ, ಲೆಕ್ಕ ಬರೆಯುವವಳಲ್ವಾ. ಪಾಸ್ ಎಷ್ಟೋ ವಾಸಿ. ಮೂರು ತಿಂಗಳದ್ದು ಒಟ್ಟಿಗೆ ಮಾಡಿಸಿದರೆ ತಿಂಗಳು ತಿಂಗಳು ಮಾಡಿಸುವುದಕ್ಕಿಂತ ಸ್ವಲ್ಪ ಕಮ್ಮಿ ಬೀಳುತ್ತದೆ. ಪಾಸ್ ಇಲ್ಲದವರಿಗೂ ಈಗ ಹಗುರ. ಕೊರೋನಾ ಕಾಲದಲ್ಲಿ 30 ರೂಪಾಯಿ ಆಗಿದ್ದ ಕನಿಷ್ಠ ಟಿಕೆಟ್ 2024ರ ಫೆಬ್ರವರಿ ಕೊನೆಯಲ್ಲಿ ಮತ್ತೆ 10 ರೂಪಾಯಿಗೆ ಇಳಿಯಿತು. ಒಟ್ಟು ಐದಕ್ಕೆ ಮೂರೂವರೆ ಕೊಡುತ್ತೇನೆ. ಆ ಹಿಡಿಗಳನ್ನು ಒಂದು ಗೇಣು ಕೆಳಗೆ ಇಳಿಸಿದ ದಿನ ನಾಲ್ಕು.

ಹೊಸದಾಗಿ ಶುರು ಮಾಡುವವರಿಗೆ ಒಂದೆರಡು ಮಾತು. ಮೋಟರ್ ಬೋಗಿಯಲ್ಲಿ ಗುಂಯ್‌ಗುಡುವ ಸದ್ದು ಜಾಸ್ತಿ, ಫೋನಿನಲ್ಲಿ ಮಾತಾಡಬೇಕಾದವರು ಬೇರೆ ಬೋಗಿ ಹತ್ತಿ. ಪಾಸ್ ಮೊಬೈಲಿನಲ್ಲಿದ್ದರೆ ಚಾರ್ಜ್ ನೋಡಿಕೊಂಡು ಬನ್ನಿ, ಟಿಸಿ ಬಂದಾಗ 'ಸ್ವಿಚ್ ಆಫ್ ಆಯ್ತು ಸಾರ್' ನಡೆಯುವುದಿಲ್ಲ. ಸಂಜೆ ಮೈಸೂರಿನಿಂದ ಹೊರಡುವಾಗ ಹತ್ತು ನಿಮಿಷ ಮೊದಲು ಬಂದರೆ ಸೀಟು ಸಿಗುತ್ತದೆ. ಬೆಳಗ್ಗೆ ಮಂಡ್ಯದಲ್ಲಿ ಹತ್ತುವವರು ಮಧ್ಯದ ಬೋಗಿಯಲ್ಲಿ ಬಾಗಿಲ ಪಕ್ಕದ ಮೂಲೆ ಖಾಲಿ ಇದೆ ಅಂತ ಬ್ಯಾಗ್ ಇಡಬೇಡಿ. ಯಲಿಯೂರು ಬಂದ ಕೂಡಲೇ ಎತ್ತಬೇಕಾಗುತ್ತದೆ.