ಪುಟ್ಟಿ ಇರುವಾಗ ಒಂಬತ್ತೂವರೆ ಸಾವಿರ ಯಾಕೆ?

2021ರ ಜೂನ್‌ನಲ್ಲಿ ನಮ್ಮ ಲೈಬ್ರರಿಗೆ ಒಂದು ಕೊಟೇಶನ್ ಬಂತು. ಸರ್ವರ್ ಬಾಡಿಗೆ, ಬ್ಯಾಕಪ್, ವರ್ಷದ ನಿರ್ವಹಣೆ, ಆಮೇಲೆ ನಾಲ್ಕನೇ ಸಾಲು: ‘ಟರ್ಮಿನಲ್ ಸಾಫ್ಟ್‌ವೇರ್ ಲೈಸೆನ್ಸ್, ಒಬ್ಬರಿಗೆ, 9,500 ರೂ.’ ದೂರದ ಸರ್ವರ್‌ಗೆ ಕಮ್ಯಾಂಡ್ ಟೈಪ್ ಮಾಡಿ ಕೆಲಸ ಹೇಳುವ ಕಿಟಕಿಗೆ ಟರ್ಮಿನಲ್ ಅಂತಾರೆ. ಆ ಒಬ್ಬರು ಅಂದರೆ ನಾನೇ. ಹಾಸನ ಜಿಲ್ಲೆಯ ಒಂದು ಅನುದಾನಿತ ಕಾಲೇಜಿನ ಲೈಬ್ರೇರಿಯನ್. ಕೊಟೇಶನ್ ಕೊಟ್ಟವರ ಹೆಸರು ಬೇಡ ಬಿಡಿ. ಆ ದುಡ್ಡಿಗೆ ನಮ್ಮಲ್ಲಿ ಒಂದು ವರ್ಷದ ದಿನಪತ್ರಿಕೆ ಬರುತ್ತದೆ. ಸ್ವಲ್ಪ ಹುಡುಕಿ ನೋಡೋಣ ಅಂತ ಕೂತೆ.

ನಮ್ಮಲ್ಲಿರುವುದು ಕೋಹಾ. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಲೈಬ್ರರಿಗಾಗಿ ಹುಟ್ಟಿ 2000ದ ಜನವರಿಯಲ್ಲಿ ಕೆಲಸ ಶುರು ಮಾಡಿದ ಉಚಿತ ಸಾಫ್ಟ್‌ವೇರ್. ಪುಸ್ತಕ ಕೊಡುವುದು, ವಾಪಸ್ ತಗೊಳ್ಳುವುದು ಎಲ್ಲ ಬ್ರೌಸರ್‌ನಲ್ಲೇ ಆಗುತ್ತದೆ. ಟರ್ಮಿನಲ್ ಬೇಕಾಗುವುದು ಮೂರೇ ಕೆಲಸಕ್ಕೆ. ರಾತ್ರಿಯ ಬ್ಯಾಕಪ್ ಆಗಿದೆಯಾ ನೋಡಬೇಕು, ಡಿಸ್ಕ್ ತುಂಬಿದೆಯಾ ನೋಡಬೇಕು, ಹೊಸ ಪುಸ್ತಕಗಳನ್ನು ಒಟ್ಟಿಗೆ ಸೇರಿಸಿದಾಗ ಹುಡುಕುವ ಇಂಡೆಕ್ಸ್ ಮತ್ತೆ ಕಟ್ಟಬೇಕು. ಇಷ್ಟಕ್ಕೆ ಒಂದು ಕಪ್ಪು ಕಿಟಕಿ ಸಾಕು ಅಲ್ವಾ?

ಆ ಕಿಟಕಿ ಪುಟ್ಟಿ. ಇಂಗ್ಲಿಷಿನವರು ‘ಪಟಿ’ ಅಂತಾರೆ, ನಮ್ಮ ಆಫೀಸಿನಲ್ಲಿ ಅದು ಪುಟ್ಟಿಯೇ. ಹೆಸರಿಗೆ ತಕ್ಕ ಹಾಗೆ ಚಿಕ್ಕದು, ಇನ್‌ಸ್ಟಾಲರ್ ನಾಲ್ಕು ಎಂಬಿ ಕೂಡ ಇಲ್ಲ. ಸೈಮನ್ ಟ್ಯಾಥಮ್ ಅನ್ನುವ ಇಂಗ್ಲೆಂಡಿನವರು 1999ರಲ್ಲಿ ಉಚಿತವಾಗಿ ಬಿಟ್ಟಿದ್ದು, ಇವತ್ತಿಗೂ ಹೊಸ ಆವೃತ್ತಿ ಬರುತ್ತಲೇ ಇದೆ. ಎಲ್ಲಿಂದ ಇಳಿಸುತ್ತೀರಿ ಅನ್ನುವುದರ ಮೇಲೆ ಮಾತ್ರ ಕಣ್ಣಿಡಿ. ಪುಟ್ಟಿ ಡಾಟ್ ಆರ್ಗ್ ಅನ್ನುವ ವಿಳಾಸ ಪುಟ್ಟಿ ಬರೆದವರದ್ದಲ್ಲ.

ತೆರೆದರೆ ಕಾಣುವುದು ಒಂದು ಬೂದು ಬಣ್ಣದ ಪೆಟ್ಟಿಗೆ. ಸರ್ವರ್ ವಿಳಾಸ ಹಾಕಿ, ಪೋರ್ಟ್ 22 ಹಾಗೇ ಬಿಟ್ಟು, ಒಂದು ಹೆಸರು ಕೊಟ್ಟು ಸೇವ್ ಒತ್ತಬೇಕು. ಸೇವ್ ಮಾಡಿದ್ದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತಾಗಿದ್ದು ಲ್ಯಾಬ್ ಹುಡುಗ ಆಫೀಸ್ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದ ಮೇಲೆ. ಫೈಲ್ ಅಲ್ಲ, ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಯೊಳಗೆ. ಡಾಕ್ಯುಮೆಂಟ್ಸ್ ಪೂರ್ತಿ ಪೆನ್ ಡ್ರೈವ್‌ಗೆ ಹಾಕಿಟ್ಟಿದ್ದರೂ ಅದು ಉಳಿಯಲಿಲ್ಲ.

ಇನ್ನೊಂದು, ಬಲಗಡೆ ಕ್ಲಿಕ್. ಪುಟ್ಟಿಯಲ್ಲಿ ಬಲಗಡೆ ಕ್ಲಿಕ್ ಮಾಡಿದರೆ ಮೆನು ಬರುವುದಿಲ್ಲ, ಕಾಪಿ ಮಾಡಿದ್ದು ನೇರ ಅಂಟಿಕೊಳ್ಳುತ್ತದೆ. ಒಂದು ಸಂಜೆ ನಮ್ಮತ್ತೆ ವಾಟ್ಸಾಪ್‌ನಲ್ಲಿ ಕಳಿಸಿದ ದಿನಸಿ ಪಟ್ಟಿಯನ್ನು ಕಾಪಿ ಮಾಡಿದ್ದೆ. ಕೈ ತಪ್ಪಿ ಇಲ್ಲಿ ಕ್ಲಿಕ್ ಆಯಿತು. ತೊಗರಿಬೇಳೆ, ಕಮ್ಯಾಂಡ್ ನಾಟ್ ಫೌಂಡ್. ಬ್ಯಾಡಗಿ ಮೆಣಸಿನಕಾಯಿ, ಕಮ್ಯಾಂಡ್ ನಾಟ್ ಫೌಂಡ್. ಹೀಗೆ ಹನ್ನೊಂದು ಸಾಲು. ನಕ್ಕುಬಿಟ್ಟೆ, ಆದರೆ ಅದು ಡಿಲೀಟ್ ಕಮ್ಯಾಂಡ್ ಆಗಿದ್ದರೆ? ಆಗ ಸರ್ವರ್‌ನಲ್ಲಿ ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್‌ನ ಹಳೇ ಆವೃತ್ತಿ ಇತ್ತು. ಈಗಿನದರಲ್ಲಿ ಅಂಟಿಸಿದ್ದು ಎಂಟರ್ ಒತ್ತುವವರೆಗೆ ಸುಮ್ನೆ ಕಾಯುತ್ತದೆ, ಪುಣ್ಯ.

ಕನ್ನಡದ ವಿಷಯದಲ್ಲಿ ಪುಟ್ಟಿಗೆ ನಾನು ನಂಬರ್ ಕೊಡುವುದಿಲ್ಲ. ನಮ್ಮ ಪುಸ್ತಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕನ್ನಡದವು. ಟರ್ಮಿನಲ್ ಅಂದರೆ ಪರದೆಯನ್ನು ಚೌಕುಳಿ ಪುಸ್ತಕದ ಹಾಗೆ ಒಂದೇ ಅಳತೆಯ ಮನೆಗಳಾಗಿ ಹಂಚಿ, ಒಂದೊಂದು ಮನೆಗೆ ಒಂದೊಂದು ಅಕ್ಷರ ಕೂರಿಸುವ ಕಿಟಕಿ. ಇಂಗ್ಲಿಷಿಗೆ ಸರಿ. ನಮ್ಮ ‘ಶಾಸ್ತ್ರ’ದಲ್ಲಿ ಸಕಾರದ ಕೆಳಗೆ ಎರಡು ಒತ್ತು ಇವೆ, ಅವು ಯಾವ ಮನೆಗೆ ಹೋಗಬೇಕು? ಪುಟ್ಟಿಯಲ್ಲಿ ಒತ್ತುಗಳು ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಮೊದಲ ಸಲ ನೋಡಿದಾಗ ಡೇಟಾನೇ ಹಾಳಾಯಿತು ಅಂತ ಗಾಬರಿಯಾಗಿ ಊಟ ಸೇರಲಿಲ್ಲ. ಡೇಟಾ ಸರಿಯಾಗೇ ಇತ್ತು. ಅದೇ ಪುಸ್ತಕ ಬ್ರೌಸರ್‌ನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಈಗ ಶೀರ್ಷಿಕೆ ನೋಡಬೇಕಾದರೆ ಪುಟ್ಟಿ ಕಡೆ ತಿರುಗುವುದೇ ಇಲ್ಲ.

ಬೇರೆಯವನ್ನೂ ನೋಡಿದೆ. ಮೊಬಾಎಕ್ಸ್‌ಟರ್ಮ್‌ನ ಉಚಿತ ಹೋಮ್ ಆವೃತ್ತಿಯಲ್ಲಿ ಪಕ್ಕದಲ್ಲೇ ಸರ್ವರ್‌ನ ಫೈಲ್‌ಗಳು ಕಾಣುತ್ತವೆ, ಎಳೆದು ಇಳಿಸಿಕೊಳ್ಳಬಹುದು. ಹನ್ನೆರಡು ಸೆಷನ್ ಮಾತ್ರ ಅನ್ನುವ ಮಿತಿ ಇದೆ, ನನಗಿರುವುದು ಒಂದೇ ಸರ್ವರ್. ಆದರೆ ನಮ್ಮ ಹಳೇ ಕಂಪ್ಯೂಟರ್‌ನಲ್ಲಿ ತೆರೆಯೋಕೇ ಹೊತ್ತು ತಗೊಳ್ಳುತ್ತದೆ. ಸೆಕ್ಯೂರ್‌ಸಿಆರ್‌ಟಿ ದುಡ್ಡು ಕೊಟ್ಟು ಕೊಳ್ಳುವಂಥದ್ದು, 30 ದಿನ ಉಚಿತವಾಗಿ ನೋಡಬಹುದು. ನೂರಾರು ರೂಟರ್ ನೋಡಿಕೊಳ್ಳುವವರಿಗೆ ಅದು ದುಡ್ಡಿಗೆ ತಕ್ಕ ಮಾಲೇ. ಲೈಬ್ರರಿಗೆ ಅಲ್ಲ. ಫೋನಿನಲ್ಲಿ ಕನೆಕ್ಟ್‌ಬಾಟ್ ಹಾಕಿಕೊಂಡಿದ್ದೇನೆ, ಅದೂ ಉಚಿತ. ಭಾನುವಾರ ಮದುವೆಮನೆಯಲ್ಲಿ ಕೂತು ಬ್ಯಾಕಪ್ ನೋಡಿದ್ದುಂಟು.

ಮನೆಯ ಲ್ಯಾಪ್‌ಟಾಪ್‌ಗೆ ಇಂಥದ್ದು ಯಾವುದೂ ಬೇಕಿಲ್ಲ. 2018ರಿಂದೀಚೆಗೆ ವಿಂಡೋಸ್ 10ರೊಳಗೇ ಎಸ್‌ಎಸ್‌ಎಚ್, ಅಂದರೆ ದೂರದ ಸರ್ವರ್‌ಗೆ ಸುರಕ್ಷಿತವಾಗಿ ಸೇರಿಸುವ ಸವಲತ್ತು, ಬರುತ್ತಿದೆ. ಕಮ್ಯಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಸ್‌ಎಚ್ ಅಂತ ಟೈಪ್ ಮಾಡಿ, ಯೂಸರ್ ಹೆಸರು, ಅಟ್ ಗುರುತು, ಸರ್ವರ್ ವಿಳಾಸ. ಮುಗಿಯಿತು. ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಾನು ಇನ್ನೂ ಪುಟ್ಟಿ ಬಿಟ್ಟಿಲ್ಲ ಅಂದರೆ ಅದು ಬರೀ ಅಭ್ಯಾಸ.

ನನಗೆ ನಿಜವಾಗಿ ಕೈ ಕೊಟ್ಟಿದ್ದು ಸಾಫ್ಟ್‌ವೇರ್ ಅಲ್ಲ, ಕರೆಂಟು. ಇಪ್ಪತ್ತೆರಡು ಸಾವಿರ ಪುಸ್ತಕಗಳ ಇಂಡೆಕ್ಸ್ ಮತ್ತೆ ಕಟ್ಟಲು ಹಚ್ಚಿದ್ದೆ. ಅರ್ಧದಲ್ಲಿ ಕರೆಂಟು ಹೋಯಿತು, ವೈಫೈ ಹೋಯಿತು, ಪುಟ್ಟಿ ‘ಕನೆಕ್ಷನ್ ಹೋಯ್ತು’ ಅಂತ ಒಂದು ಪೆಟ್ಟಿಗೆ ತೋರಿಸಿ ಕೂತಿತು. ಸರ್ವರ್‌ನಲ್ಲಿ ಕೆಲಸವೂ ಅಲ್ಲಿಗೇ ನಿಂತಿತು. ಬೆಳಗ್ಗೆ ಒಂಬತ್ತೂವರೆಗೆ ಬಿಕಾಂ ಹುಡುಗಿಯೊಬ್ಬಳು ಬಂದು, ‘ಮೇಡಂ, ಏನ್ ಹುಡುಕಿದ್ರೂ ಒಂದು ಪುಸ್ತಕಾನೂ ಇಲ್ಲ ಅಂತಿದೆ’ ಅಂದಳು. ಕಪಾಟಿನ ತುಂಬ ಪುಸ್ತಕ, ಕಂಪ್ಯೂಟರ್‌ನಲ್ಲಿ ಸೊನ್ನೆ.

ಒಂಬತ್ತೂವರೆ ಸಾವಿರದ ಸಾಫ್ಟ್‌ವೇರ್ ಇದ್ದಿದ್ದರೂ ಅವತ್ತು ಇದೇ ಗತಿ. ಇದಕ್ಕೆ ಮದ್ದು ಸರ್ವರ್‌ನಲ್ಲಿ ಹಾಕುವ ಟೀಮಕ್ಸ್ (tmux). ಅದೂ ಬಿಟ್ಟಿ. ಒಳಗೆ ಹೋದ ಕೂಡಲೇ ಟೀಮಕ್ಸ್ ಅಂತ ಒತ್ತಿ ಆಮೇಲೆ ಕೆಲಸ ಶುರು ಮಾಡಬೇಕು. ನಮ್ಮ ಕಡೆ ಲೈನ್ ಕಡಿದರೂ ಅಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಕರೆಂಟು ಬಂದ ಮೇಲೆ ‘ಟೀಮಕ್ಸ್ ಅಟ್ಯಾಚ್’ ಅಂದರೆ ಬಿಟ್ಟ ಜಾಗಕ್ಕೇ ವಾಪಸ್.

ಹೊಸ ಆವೃತ್ತಿ ಹಾಕುವುದನ್ನು ಮಾತ್ರ ಮುಂದೂಡಬೇಡಿ. 2024ರ ಏಪ್ರಿಲ್‌ನಲ್ಲಿ ಪುಟ್ಟಿಯಲ್ಲೇ ಒಂದು ದೊಡ್ಡ ದೋಷ ಸಿಕ್ಕಿತು. ಪಾಸ್‌ವರ್ಡ್ ಬದಲು ಸರ್ವರ್‌ನೊಳಗೆ ಹೋಗಲು ಬಳಸುವ ಕೀ ಫೈಲ್‌ಗಳಲ್ಲಿ ಪಿ-521 ಬಗೆಯದ್ದನ್ನು ಬಳಸುತ್ತಿದ್ದವರ ಗುಟ್ಟಿನ ಕೀಯನ್ನೇ ಲೆಕ್ಕ ಹಾಕಿ ಹೊರತೆಗೆಯಬಹುದಿತ್ತು. 0.81 ಆವೃತ್ತಿಯಲ್ಲಿ ಸರಿಮಾಡಿದರು. ಆದರೆ ಅಂಥ ಹಳೇ ಕೀ ಇದ್ದವರು ಅದನ್ನು ಬಿಸಾಕಿ ಹೊಸದು ಮಾಡಿಕೊಳ್ಳಲೇಬೇಕು. ನನ್ನದು ಬೇರೆ ಬಗೆಯದು, ಬಚಾವ್.

ಕೊಟೇಶನ್‌ನ ನಾಲ್ಕನೇ ಸಾಲಿಗೆ ಪ್ರಿನ್ಸಿಪಾಲರು ಕೆಂಪು ಗೆರೆ ಎಳೆದರು. ತಲೆನೋವು ಬಂದಿದ್ದು ಆಡಿಟ್ ಸಮಯದಲ್ಲಿ. ಸ್ಟಾಕ್ ರಿಜಿಸ್ಟರ್‌ನಲ್ಲಿ ‘ಪುಟ್ಟಿ, ಒಂದು, ಬೆಲೆ 0’ ಅಂತ ಬರೆದಿದ್ದೆ. ಅಕೌಂಟ್ಸ್‌ನವರು ಕನ್ನಡಕ ಏರಿಸಿಕೊಂಡು ಆ ಸಾಲಿನ ಮೇಲೆ ಬೆರಳಿಟ್ಟರು. ‘ಅಲ್ಲ ಮೇಡಂ, ಸೊನ್ನೆ ರೂಪಾಯಿಗೆ ಬಿಲ್ ಎಲ್ಲಿ?’