2010ರ ಡೆಸ್ಕ್‌ಟಾಪ್‌ನಲ್ಲಿ ಪೈಥಾನ್: ನಾನು ಮಾಡಿ ನೋಡಿದ ಮೂರು ದಾರಿ

ನಮ್ಮ ಮನೆಯ ಡೆಸ್ಕ್‌ಟಾಪ್ 2010ರಲ್ಲಿ ತಂದದ್ದು. ಪೆಂಟಿಯಂ ಡ್ಯುಯಲ್ ಕೋರ್ ಇ5400, 2 ಜಿಬಿ ಡಿಡಿಆರ್2 ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್, 32 ಬಿಟ್‌ನ ವಿಂಡೋಸ್ 7. ಕಾಸರಗೋಡಿನ ಪೆರ್ಲದ ಮನೆಯ ಚಾವಡಿ ಮೂಲೆಯಲ್ಲಿ ನಾಲ್ಕು ವರ್ಷದಿಂದ ಬಟ್ಟೆ ಹೊದ್ದುಕೊಂಡು ಕೂತಿತ್ತು. ಈ ಜೂನ್‌ನಿಂದ ಅಕ್ಕನ ಮಗಳು ನಮ್ಮಲ್ಲಿದ್ದುಕೊಂಡೇ ಕನ್ನಡ ಮಾಧ್ಯಮದ ಶಾಲೆಗೆ ಹೋಗುತ್ತಿದ್ದಾಳೆ. ಒಂದು ಸಂಜೆ ಬಟ್ಟೆ ಎತ್ತಿ ನೋಡಿ, "ಮಾವಾ, ಇದ್ರಲ್ಲಿ ಪೈಥಾನ್ ಹಾಕ್ಲಿಕ್ಕೆ ಆಗ್ತದಾ?" ಅಂತ ಕೇಳಿದಳು. ಪೈಥಾನ್ ಅಂದರೆ ಪ್ರೋಗ್ರಾಂ ಬರೆಯುವ ಒಂದು ಭಾಷೆ.

ಆಗುತ್ತದೆ. ಆದರೆ ಯಾವ ದಾರಿ ಹಿಡಿಯುತ್ತೀರಿ ಅನ್ನುವುದರ ಮೇಲೆ ಕೆಲಸ ಒಂದು ಗಂಟೆಯೋ ಒಂದು ವಾರವೋ ಅಂತ ಗೊತ್ತಾಗುತ್ತದೆ. ನಾನು ಮೂರನ್ನೂ ಮಾಡಿ ನೋಡಿದೆ.

ಮೊದಲು ಮೆಷಿನ್ ಎದ್ದೇಳಬೇಕಲ್ವಾ. ಸ್ವಿಚ್ ಹಾಕಿದರೆ ಉದ್ದದ ಬೀಪ್, ಪರದೆ ಕಪ್ಪು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿಬಿಡುತ್ತವೆ. ಎರಡೂ ಕಡ್ಡಿಗಳನ್ನು ಬಿಚ್ಚಿ, ಶಾಲೆಯ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲ ಉಜ್ಜಿ, ಪುಡಿ ಊದಿ, ಟಕ್ ಅನ್ನುವವರೆಗೆ ಒತ್ತಿ ಕೂರಿಸಿದೆ. ಮೆಷಿನ್ ಎದ್ದಿತು.

ಮೊದಲನೇ ದಾರಿ: ಇದ್ದ ವಿಂಡೋಸ್ 7ಕ್ಕೇ ಪೈಥಾನ್ ಹಾಕುವುದು.

ಎಲ್ಲರೂ ಮಾಡುವಂತೆ ನಾನೂ ಹೊಸ ಆವೃತ್ತಿಯನ್ನೇ ಇಳಿಸಿಕೊಂಡೆ. ಇನ್‌ಸ್ಟಾಲರ್ ಬಾಗಿಲಲ್ಲೇ ತಡೆಯಿತು. ಕಾರಣ ಇಷ್ಟೇ: 2020ರ ಅಕ್ಟೋಬರ್‌ನಲ್ಲಿ ಬಂದ 3.9ರಿಂದ ಮುಂದಿನ ಪೈಥಾನ್‌ಗಳಿಗೆ ಕಡಿಮೆ ಅಂದರೂ ವಿಂಡೋಸ್ 8.1 ಬೇಕು. ವಿಂಡೋಸ್ 7ಕ್ಕೆ ಕೊನೆಯದು 3.8. ಎಕ್ಸ್‌ಪಿ ಇರುವವರಿಗೆ 3.4ರಲ್ಲೇ ಮುಗಿಯಿತು. 3.8ರಲ್ಲೂ ತಯಾರು ಇನ್‌ಸ್ಟಾಲರ್ ಸಿಗುವುದು 3.8.10ರವರೆಗೆ ಮಾತ್ರ. ಆಮೇಲಿನವು ಬರೀ ಸೋರ್ಸ್ ಕೋಡ್ ಆಗಿ ಬಂದವು. ಹಾಗಾಗಿ ಹುಡುಕಬೇಕಾದ್ದು ಸರಿಯಾಗಿ 3.8.10, ಅದರಲ್ಲೂ ನನ್ನ ವಿಂಡೋಸಿಗೆ 32 ಬಿಟ್‌ನದ್ದು. ಸುಮಾರು 26 ಎಂಬಿ.

ಅದೂ ನಿಂತಿತು. ಸರ್ವಿಸ್ ಪ್ಯಾಕ್ 1 ಮತ್ತು ಅಪ್‌ಡೇಟ್‌ಗಳು ಬೇಕು ಅಂದಿತು. ಸರ್ವಿಸ್ ಪ್ಯಾಕ್ ಬಂದದ್ದು 2011ರಲ್ಲಿ, ನಮ್ಮ ಮೆಷಿನ್ ಅದಕ್ಕಿಂತ ಮೊದಲಿನದ್ದು, ಆಮೇಲೆ ಯಾರೂ ಹಾಕಿರಲಿಲ್ಲ. 32 ಬಿಟ್‌ನ ಫೈಲ್ 537 ಎಂಬಿ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಇಳಿಸಿ, ಹಾಕಿ ಮುಗಿಸುವಾಗ ಊಟದ ಹೊತ್ತಾಯಿತು. ಅಷ್ಟಾದರೂ ಸಾಲಲಿಲ್ಲ. ಇನ್ನೂ ಒಂದು ಅಪ್‌ಡೇಟ್ ಬೇಕಿತ್ತು, ಕೆಬಿ2533623. ಅದರ ಬದಲಿಗೆ ಆಮೇಲೆ ಬಂದ ಕೆಬಿ3063858 ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಇನ್‌ಸ್ಟಾಲರ್ ಸಲೀಸಾಗಿ ಓಡಿತು.

ಇಲ್ಲಿ ಒಂದು ಮಾತು. ಇನ್‌ಸ್ಟಾಲರ್‌ನ ಮೊದಲ ಕಿಟಕಿಯ ಕೆಳಗೆ 'ಆ್ಯಡ್ ಪೈಥಾನ್ 3.8 ಟು ಪಾತ್' ಅಂತ ಒಂದು ಚೌಕ ಇರುತ್ತದೆ. ಕಮಾಂಡ್‌ಗಳನ್ನು ವಿಂಡೋಸ್ ಹುಡುಕುವ ಜಾಗಗಳ ಪಟ್ಟಿಯೇ ಈ ಪಾತ್. ಆ ಚೌಕಕ್ಕೆ ಟಿಕ್ ಹಾಕದೆ ಮುಂದೆ ಹೋದರೆ, ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿಯಲ್ಲಿ 'ಪೈಥಾನ್' ಅಂತ ಟೈಪ್ ಮಾಡಿದಾಗ ಅಂಥ ಕಮಾಂಡ್ ಇಲ್ಲವೆಂದು ಬರುತ್ತದೆ. ಹೊಸಬರು ಇಲ್ಲಿ ಅಳಿಸಿ ಮತ್ತೆ ಹಾಕುತ್ತಾ ಕೂರುತ್ತಾರೆ. ಬೇಡ. ಬರೀ 'ಪಿವೈ' ಅನ್ನುವ ಎರಡಕ್ಷರ ಟೈಪ್ ಮಾಡಿ ನೋಡಿ, ಹೆಚ್ಚಿನ ಸಲ ಅದು ಕೆಲಸ ಮಾಡುತ್ತದೆ.

ಎರಡನೇ ದಾರಿ ಥಾನಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ, ಕಲಿಯುವವರಿಗಾಗಿಯೇ ಮಾಡಿದ ಎಡಿಟರ್ ಇದು. ತನ್ನ ಪೈಥಾನನ್ನು ತಾನೇ ಹೊತ್ತು ತರುತ್ತದೆ. ವಿಂಡೋಸ್ 7ಕ್ಕೂ ಹೊಂದುವ, ಒಳಗೆ 32 ಬಿಟ್‌ನ 3.8 ಇರುವ ಬೇರೆಯೇ ಫೈಲ್ ಇದೆ. ಅದನ್ನೇ ಆರಿಸಿಕೊಳ್ಳಬೇಕು. ಅಪ್‌ಡೇಟ್‌ಗಳೆಲ್ಲ ಆಗಲೇ ಆಗಿದ್ದರಿಂದ ಐದು ನಿಮಿಷದಲ್ಲಿ ಮುಗಿಯಿತು, ಪಾತ್‌ನ ತಲೆಬಿಸಿಯೇ ಇಲ್ಲ. ಪ್ರೋಗ್ರಾಂ ಒಂದೊಂದೇ ಸಾಲು ಓಡುವುದನ್ನು ತೋರಿಸುತ್ತದೆ, ಪಕ್ಕದಲ್ಲಿ ಯಾವ ಹೆಸರಿಗೆ ಯಾವ ಬೆಲೆ ಇದೆ ಅಂತಲೂ ಕಾಣುತ್ತದೆ. ಫಾರ್ ಲೂಪ್‌ನಲ್ಲಿ 'ಐ' ಬದಲಾಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಹುಡುಗಿಗೆ ಲೂಪ್ ಅರ್ಥವಾದದ್ದು. ಕೊರತೆ ಒಂದೇ, ಭಾರ ಜಾಸ್ತಿ. ನಮ್ಮ ಮೆಷಿನ್‌ನಲ್ಲಿ ತೆರೆಯಲು ಇಪ್ಪತ್ತು ಸೆಕೆಂಡ್ ಮೇಲೆ ಬೇಕು.

ಇವೆರಡರ ನಡುವೆ ಒಂದು ಅಡ್ಡಿ ಬಂತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಊರಲ್ಲಿ ಇದು ಯಾರಿಗೂ ಆಗಬಹುದು. ಪಿಪ್‌ನಿಂದ (ಪೈಥಾನ್‌ಗೆ ಹೆಚ್ಚಿನ ಪ್ಯಾಕೇಜ್ ಇಳಿಸಿಕೊಡುವ ಕಮಾಂಡ್) ಲೆಕ್ಕದ ಪ್ಯಾಕೇಜ್ ನಂಪೈ ಇಳಿಸಲು ಹೊರಟರೆ ಸರ್ಟಿಫಿಕೇಟ್ ಎರರ್. ಸರ್ಟಿಫಿಕೇಟ್ ಅಂದರೆ ಸೈಟ್ ಅಸಲಿ ಅಂತ ತೋರಿಸುವ ಪತ್ರ. ನೆಟ್ ಸರಿ ಇದೆ, ಫೋನ್‌ನಲ್ಲಿ ಎಲ್ಲ ತೆರೆಯುತ್ತದೆ. ಎರರ್‌ನ ಉದ್ದದ ಸಾಲನ್ನು ಕೊನೆಯವರೆಗೆ ಓದಿದಾಗ ಗೊತ್ತಾಯಿತು: ಆ ಸರ್ಟಿಫಿಕೇಟ್ 'ಇನ್ನೂ ಜಾರಿಗೆ ಬಂದಿಲ್ಲ'ವಂತೆ. ಮೂಲೆಯ ಗಡಿಯಾರ ನೋಡಿದರೆ 2009ರ ಜನವರಿ. ಮಳೆಗಾಲದಲ್ಲಿ ಗುಡುಗು ಶುರುವಾದ ಕೂಡಲೇ ನಾವು ಪ್ಲಗ್ ಕಿತ್ತಿಡುತ್ತೇವೆ. ಮದರ್‌ಬೋರ್ಡ್‌ನ ಗುಂಡು ಸೆಲ್ ಸತ್ತಿದ್ದರೆ, ಪ್ಲಗ್ ಕಿತ್ತಾಗೆಲ್ಲ ತಾರೀಕು ಹಿಂದಕ್ಕೆ ಹೋಗುತ್ತದೆ. ತಾರೀಕು ತಪ್ಪಿದರೆ ಸುರಕ್ಷಿತ ಕನೆಕ್ಷನ್ ಆಗುವುದೇ ಇಲ್ಲ. ಸಿಆರ್2032 ಸೆಲ್ ಗಡಿಯಾರ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಅದನ್ನು ಬದಲಾಯಿಸಿ ತಾರೀಕು ಸರಿಮಾಡಿದೆ, ನಂಪೈ ಇಳಿಯಿತು. ಹಳೇ ಮೆಷಿನ್‌ಗೆ ಏನೇ ಹಾಕುವ ಮೊದಲು ದಯವಿಟ್ಟು ಗಡಿಯಾರ ನೋಡಿ.

ಮೂರನೇ ದಾರಿ: ವಿಂಡೋಸ್ ಬದಲಿಗೆ ಲಿನಕ್ಸ್ ಹಾಕುವುದು. ನಾನು ಆರಿಸಿದ್ದು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಜೊತೆ. ವಿಂಡೋಸ್ 32 ಬಿಟ್ ಇದ್ದುದರಿಂದ ಮೆಷಿನ್ನೇ 32 ಬಿಟ್ ಅಂದುಕೊಂಡು ಮೊದಲು 32 ಬಿಟ್‌ನದ್ದನ್ನೇ ಹಾಕಿದೆ. ಅದರಲ್ಲಿ ಪಿಪ್‌ನಿಂದ ನಂಪೈ ಹಾಕಲು ಹೋದರೆ ತಯಾರು ಪ್ಯಾಕೇಜ್ ಸಿಗದೆ ಸೋರ್ಸಿನಿಂದ ಕಟ್ಟಲು ಶುರುಮಾಡಿತು. ಅರ್ಧ ಗಂಟೆ ಫ್ಯಾನ್ ಕೂಗಿ ಎರರ್‌ನಲ್ಲಿ ನಿಂತಿತು. ಆಗ ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಸಿಪಿಯು' ಅಂತ ಕೊಟ್ಟು ನೋಡಿದೆ. 32 ಬಿಟ್, 64 ಬಿಟ್ ಎರಡೂ ಅಂತ ಇತ್ತು! ಮರುದಿನ 64 ಬಿಟ್‌ನ ಡೆಬಿಯನ್ ಹಾಕಿದೆ.

ಪೈಥಾನ್ ಆಗಲೇ ಒಳಗಿತ್ತು, 3.11. ಬೇರೆ ಹಾಕುವ ಕೆಲಸವೇ ಇಲ್ಲ. ಆದರೆ ಮೂರು ಕಡೆ ಎಡವುತ್ತೇವೆ. ಕಮಾಂಡ್ 'ಪೈಥಾನ್' ಅಲ್ಲ, 'ಪೈಥಾನ್3'. ಟರ್ಟಲ್ ಚಿತ್ರ ಬಿಡಿಸಲು ಹೋದರೆ ಟಿಕೆಇಂಟರ್ (ಪೈಥಾನ್‌ನಲ್ಲಿ ಕಿಟಕಿ, ಚಿತ್ರ ತೋರಿಸುವ ಭಾಗ) ಇಲ್ಲ ಅನ್ನುತ್ತದೆ, ಅದಕ್ಕೆ 'ಪೈಥಾನ್3-ಟಿಕೆ' ಪ್ಯಾಕೇಜ್ ಬೇಕು. ಇನ್ನು ಸೀದಾ ಪಿಪ್ ಕೊಟ್ಟರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ತಡೆಯುತ್ತದೆ. ಇದು ಕೆಟ್ಟದ್ದಲ್ಲ. ಡೆಬಿಯನ್ ತನ್ನ ಕೆಲಸಕ್ಕೂ ಇದೇ ಪೈಥಾನ್ ಬಳಸುತ್ತದೆ, ಅದನ್ನು ನಾವು ಕೆಡಿಸದಿರಲಿ ಅಂತ ಈ ಬೇಲಿ. ನಂಪೈ, ಮ್ಯಾಟ್‌ಪ್ಲಾಟ್‌ಲಿಬ್‌ನಂಥವು ಡೆಬಿಯನ್‌ನದ್ದೇ ಆದ ಆಪ್ಟ್ ಕಮಾಂಡ್‌ನಿಂದಲೇ ಬರುತ್ತವೆ. ಅಲ್ಲಿ ಸಿಗದ್ದಕ್ಕೆ ವೆನ್ವ್ (ಪ್ಯಾಕೇಜ್‌ಗಳಿಗೆ ಬೇರೆಯೇ ಕೋಣೆ) ಮಾಡಿಕೊಂಡರಾಯಿತು.

ವೇಗದ ವ್ಯತ್ಯಾಸ ಮನೆಯವರಿಗೆಲ್ಲ ಕಂಡಿತು. ಎಕ್ಸ್‌ಎಫ್‌ಸಿಇ ಸುಮ್ನೆ ಕೂತಾಗ ತಿನ್ನುವ ರ‍್ಯಾಮ್ ಅರ್ಧ ಜಿಬಿಯ ಆಸುಪಾಸು. ಪೈಥಾನ್‌ನದ್ದೇ ಆದ ಐಡಲ್ ಎಡಿಟರ್ ವಿಂಡೋಸ್‌ನಲ್ಲಿ ಹನ್ನೆರಡು ಸೆಕೆಂಡ್ ತೆಗೆದುಕೊಂಡರೆ ಇಲ್ಲಿ ನಾಲ್ಕು. ಇನ್ನೊಂದು ಲಾಭ ನಾನು ಎಣಿಸಿರಲೇ ಇಲ್ಲ. ನಮ್ಮ ಕೇರಳದ ಶಾಲೆಗಳಲ್ಲಿ ಕೈಟ್‌ನವರ (ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರ್ಕಾರಿ ಸಂಸ್ಥೆ) ಉಬುಂಟು ಆಧಾರಿತ ಲಿನಕ್ಸ್ ಇರುವುದು. ಪರದೆ ನೋಡಿದ ಕೂಡಲೇ ಹುಡುಗಿ "ಶಾಲೇಲೂ ಹೀಗೇ ಉಂಟು ಮಾವಾ" ಅಂದು ನನ್ನ ಕೈಯಿಂದ ಮೌಸ್ ತೆಗೆದುಕೊಂಡಳು. ಫೈಲ್ ಎಲ್ಲಿ ಸೇವ್ ಆಗುತ್ತದೆ, ಟರ್ಮಿನಲ್ ಎಲ್ಲಿದೆ, ಯಾವುದನ್ನೂ ನಾನು ಹೇಳಿಕೊಡಬೇಕಾಗಲಿಲ್ಲ.

ಯಾವ ದಾರಿಯಿಂದಲೂ ಆಗದ್ದು ಒಂದಿದೆ. ಪಕ್ಕದ ಮನೆಯ ಕಾಲೇಜು ಹುಡುಗ ಮೆಷಿನ್ ಲರ್ನಿಂಗ್‌ನ ಪ್ಯಾಕೇಜ್ ಟೆನ್ಸರ್‌ಫ್ಲೋ ಹಾಕಿ ನೋಡೋಣ ಅಂದ. ಅದರ ತಯಾರು ಪ್ಯಾಕೇಜ್‌ಗಳು 1.6ನೇ ಆವೃತ್ತಿಯಿಂದ ಎವಿಎಕ್ಸ್ (ವೇಗದ ಲೆಕ್ಕಕ್ಕೆ ಹೆಚ್ಚಿನ ಸೌಲಭ್ಯ) ಇರುವ ಪ್ರೊಸೆಸರ್ ಕೇಳುತ್ತವೆ. ನಮ್ಮ ಇ5400ರಲ್ಲಿ ಅದಿಲ್ಲ. ಅಲ್ಲಿಗೆ ಬಿಟ್ಟೆವು.

ಇನ್ನು ಕನ್ನಡ. ನನಗೆ ಇದೇ ಮುಖ್ಯವಾಗಿತ್ತು, ಅವಳು ಮೊದಲು ಪ್ರಿಂಟ್ ಮಾಡಲು ಹೊರಟದ್ದೇ ತನ್ನ ಹೆಸರನ್ನು ಕನ್ನಡದಲ್ಲಿ. ವಿಂಡೋಸ್ 7ರ ಕಪ್ಪು ಕಿಟಕಿಯಲ್ಲಿ ಬರೀ ಡಬ್ಬಿಗಳು ಬಂದವು. ಅದೇ ಐಡಲ್‌ನಲ್ಲಿ, ಥಾನಿಯಲ್ಲಿ ಅಕ್ಷರ ಸರಿಯಾಗಿ ಕಂಡವು. ಇಲ್ಲಿ ವಿಂಡೋಸ್ ಗೆದ್ದಿತು ಅಂತ ಒಪ್ಪಲೇಬೇಕು. ಲಿನಕ್ಸ್‌ನ ಐಡಲ್ ಕಿಟಕಿ ತೋರಿಸಲು ಬಳಸುವ ಟಿಕೆ ನಮ್ಮ ಲಿಪಿಯ ಅಕ್ಷರಗಳನ್ನು ಕೂಡಿಸುವುದಿಲ್ಲ. ಲೋಹಿತ್, ನವಿಲು ಫಾಂಟ್ ಹಾಕಿದರೂ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲೇ ನಿಂತಿತು. ಥಾನಿಯೂ ಅದೇ ಟಿಕೆ ಮೇಲೆ ನಿಂತದ್ದು, ಹಾಗಾಗಿ ಲಿನಕ್ಸ್‌ನಲ್ಲಿ ಅದರದ್ದೂ ಅದೇ ಪಾಡು.

ಆದರೆ ಕನ್ನಡವನ್ನು ಫೈಲಿಗೆ ಬರೆಯುವಾಗ ಆಟ ತಿರುಗಿತು. ವಿಂಡೋಸ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಅಂಕೆಗಳಾಗಿ ಬರೆದಿಡುವ ರೀತಿ) ಯುಟಿಎಫ್-8 ಅಂತ ನಾವೇ ಹೇಳದಿದ್ದರೆ 'ಚಾರ್‌ಮ್ಯಾಪ್' ಎರರ್ ಬಂದು ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಕೇಳದೆಯೇ ಯುಟಿಎಫ್-8.

ಮನೆಯಲ್ಲಿ ಮಗುವೊಂದು ಈ ವಾರಾಂತ್ಯ ಕಲಿಯಲು ಶುರುಮಾಡಬೇಕು, ವಿಂಡೋಸ್ 7 ತೆಗೆಯಲು ಮನಸ್ಸಿಲ್ಲ ಅಂದರೆ ಥಾನಿ ಹಾಕಿ. ಬರೀ 3.8.10 ಹಾಕುವುದಕ್ಕಿಂತ ಅದು ಎಷ್ಟೋ ಸುಖ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ಪೈಥಾನ್ 3.8ಕ್ಕೆ 2024ರಲ್ಲಿ ಬೆಂಬಲ ನಿಂತಿದೆ. ಹಾಗಾಗಿ ಆ ಮೆಷಿನ್‌ನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ವರ್ಷಗಟ್ಟಲೆ ಬಳಸುವುದಾದರೆ ಡೆಬಿಯನ್. ನಾವು ಉಳಿಸಿಕೊಂಡದ್ದು ಅದನ್ನೇ.

ಈಗ ಅವಳು ಐಡಲ್‌ನಲ್ಲಿ ಪ್ರೋಗ್ರಾಂ ಬರೆದು, ಉತ್ತರವನ್ನು ಟೆಕ್ಸ್ಟ್ ಫೈಲಿಗೆ ಹಾಕಿ, ಮೌಸ್‌ಪ್ಯಾಡ್ ಅನ್ನುವ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡುತ್ತಾಳೆ. ಅಲ್ಲಿ ಒತ್ತು, ದೀರ್ಘ ಎಲ್ಲ ಜಾಗಕ್ಕೆ ಸರಿಯಾಗಿ ಕೂರುತ್ತವೆ. ನಿನ್ನೆ 'ಕನ್ನಡ' ಪದದ ಉದ್ದ ಎಷ್ಟು ಅಂತ 'ಲೆನ್' ಹಾಕಿ ಕೇಳಿದಳು. 5 ಅಂತ ಬಂತು. ಮೂರಕ್ಷರ ಅಲ್ವಾ ಅಂತ ಬೆರಳು ಮಡಚಿ ಎಣಿಸಿದಳು. ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ ಅಂತ ಕಾಗದದಲ್ಲಿ ಬಿಡಿಸಿ ಬರೆದು ತೋರಿಸಿದೆ. ಈಗ ಮನೆಯವರ ಹೆಸರುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡುತ್ತಿದ್ದಾಳೆ.